ಮಲ್ಕಮ್ಮನ ದೃಷ್ಟಿ

ನಿಂಬರ್ಗಾ
14 ಜುಲೈ 1986, ಸೋಮವಾರ

ಮಗಳೇ ಗೌರಾ,

ನಿನ್ನ ಅವ್ವನ ಆಶೀರ್ವಾದ. ನಾವಿಬ್ಬರೂ ಗಟ್ಟಿಮುಟ್ಟಾಗಿದ್ದೇವೆ. ನಿಮ್ಮಪ್ಪ ಹೊಲದಿಂದ ಬಂದು, ಮಳೆಗೆ ಬೈಯುವುದನ್ನು ಮುಗಿಸಿ, ಚಹಾ ಕುಡಿಯುತ್ತ ಕೂತಿದ್ದಾರೆ. ಅವರು ಮತ್ತೆ ಬೈಯಲು ಶುರುಮಾಡುವ ಮೊದಲು ಬರೆದು ಮುಗಿಸಬೇಕು.

ಈ ಸಲ ನಾನು ಅವ್ವನಾಗಿ ಬರೆಯುತ್ತಿಲ್ಲ. ನಿಂಬರ್ಗಾದ ಅಂಗನವಾಡಿ ಅಕ್ಕೋರು ಜೇವರ್ಗಿ ದವಾಖಾನೆಯ ನರ್ಸಬಾಯಿಗೆ ಬರೆಯುತ್ತಿದ್ದಾರೆ ಎಂದು ತಿಳಿದುಕೋ. ನನ್ನ ಮಕ್ಕಳಿಗೆ ಕಣ್ಣು ಬಂದಿದೆ. ಮೂವತ್ತೆರಡು ಮಕ್ಕಳಲ್ಲಿ ಆರು ಮಕ್ಕಳ ಕಣ್ಣು ಕೆಂಪಗೆ ಮೆಣಸಿನಕಾಯಿಯಂತಾಗಿದೆ. ಮುಂಜಾನೆ ರೆಪ್ಪೆಗಳು ಪಿಸುರಿನಿಂದ ಅಂಟಿಕೊಂಡಿರುತ್ತವೆ, ಬಿಸಿನೀರು ಹಚ್ಚಿ ಬಿಡಿಸಬೇಕು. ಬೇರೆಯವರಾದರೆ ಮಳೆಗಾಲದಲ್ಲಿ ಕಣ್ಣು ಬರುವುದು ಇದ್ದದ್ದೇ ಎಂದು ಸುಮ್ಮನಿರುತ್ತಿದ್ದರು. ನನಗೆ ಆಗುವುದಿಲ್ಲ. ನಿನ್ನ ಎಡಗಣ್ಣಿನಲ್ಲಿ ಹೂ ಬಿದ್ದದ್ದು ಇಂಥದೇ ಬೇನೆಯಿಂದ. ಆಗ ನಿನಗೆ ಐದು ವರ್ಷ. ಇಪ್ಪತ್ತು ವರ್ಷವಾದರೂ ಆ ಬಿಳಿ ಚುಕ್ಕೆ ಹಾಗೇ ಇದೆ. ಇನ್ನೊಂದು ಕೂಸಿಗೆ ಹಾಗಾಗಬಾರದು, ಅದೂ ನನ್ನ ಕೈಕೆಳಗೆ.

ಮೊದಲು ಯಾರಿಗೆ ಬಂತು ಗೊತ್ತೇ? ಹಳ್ಳದ ಆಚೆಯ ಮಲ್ಕಮ್ಮನ ಮೊಮ್ಮಗಳು ಬಂಡೆಮ್ಮನಿಗೆ. ಅದೇ ಮಲ್ಕಮ್ಮ. ನೀನು ಪಂಚಮಿಯ ಜೋಕಾಲಿಯಲ್ಲಿ ಕೂತಿದ್ದಾಗ ಗಲ್ಲ ಹಿಡಿದು, "ಎಷ್ಟ್ ಚಂದ ಅದಾವ ಬೇ ನಿನ್ನ ಕಣ್ಣು" ಅಂದವಳು. ಮೂರೇ ದಿನಕ್ಕೆ ನಿನಗೆ ಕಣ್ಣು ಬಂತು. ಅವಳ ದೃಷ್ಟಿ ಎಂಥದೆಂದು ನಾನು ಅಂದೇ ಊರಿಗೆಲ್ಲ ಹೇಳಿದ್ದೆ. ಈಗ ಆ ಮನೆಯ ಕೂಸಿನಿಂದಲೇ ಶುರುವಾಗಿದೆ. ಬುಧವಾರ ಬಂಡೆಮ್ಮನನ್ನು ಬಾಗಿಲಿನಿಂದಲೇ ಮನೆಗೆ ಕಳಿಸಿದೆ. ಕೂಸು ಉಪ್ಪಿಟ್ಟಿನ ಬೋಗುಣಿ ನೋಡುತ್ತ ಹೋಯಿತು. ತಿರುಗಿ ಕರೆಯಬೇಕೆನಿಸಿದ್ದು ಖರೆ, ಆದರೆ ಉಳಿದ ಮೂವತ್ತೊಂದು ಮಕ್ಕಳನ್ನೂ ನೋಡಬೇಕಲ್ಲ.

ಇವತ್ತು ಸೋಮವಾರ, ಎಲ್ಲರಿಗೂ ಮುಖ ತೊಳೆದು, ತಲೆ ಬಾಚಿ, ಕಾಡಿಗೆ ಹಚ್ಚಿ ಕೂರಿಸಿದ್ದೆ. ಹಾಗೆ ಕೂರಿಸಿದರೆ ಯಾವುದು ಗೌಡರ ಮನೆಯ ಕೂಸು, ಯಾವುದು ಕೂಲಿಯವರ ಕೂಸು ಎಂದು ಗುರುತೇ ಹತ್ತುವುದಿಲ್ಲ. ಆದರೆ ಆ ಕೆಂಪು ಕಣ್ಣುಗಳ ನಡುವೆ ನನಗೆ ಹಾಡು ಹೇಳಿಕೊಡಲೂ ಮನಸ್ಸಾಗಲಿಲ್ಲ. ನಾನೇನು ಮಾಡಲಿ, ಬೇಗ ಬರೆ.

ನಿನ್ನ ಅವ್ವ,
ಗುರಮ್ಮ


ಜೇವರ್ಗಿ
22 ಜುಲೈ 1986

ಅವ್ವನಿಗೆ ಶರಣು.

ನಿನ್ನ ಪತ್ರ ತಲುಪಿತು. ಕಣ್ಣು ಬಂದ ಮಕ್ಕಳನ್ನು ಆಳಂದದ ದವಾಖಾನೆಗೆ ಕರೆದೊಯ್ದು ತೋರಿಸಲು ಅವರ ಮನೆಯವರಿಗೆ ಹೇಳು. ಅಲ್ಲಿ ಕೊಟ್ಟ ಮುಲಾಮು ಮುಗಿಯುವವರೆಗೆ ಹಚ್ಚಬೇಕು, ಎರಡು ದಿನ ಹಚ್ಚಿ ಬಿಡಬಾರದು. ತಾಯಿಯ ಹಾಲು, ಕೊತ್ತಂಬರಿ ನೀರು ಕಣ್ಣಿಗೆ ಹಾಕುವುದನ್ನು ದಯವಿಟ್ಟು ನಿಲ್ಲಿಸು. ನೀನು ಹಾಕುತ್ತಿದ್ದೀ ಎಂದು ನನಗೆ ಗೊತ್ತು.

ಬಂಡೆಮ್ಮನನ್ನು ಮನೆಗೆ ಕಳಿಸಿದ್ದು ತಪ್ಪಲ್ಲ. ಕಣ್ಣು ತಿಳಿಯಾಗುವ ತನಕ ಕೂಸು ಮನೆಯಲ್ಲಿರುವುದು ಒಳ್ಳೆಯದು. ಆದರೆ ಅವಳ ಪಾಲಿನ ಉಪ್ಪಿಟ್ಟನ್ನು ಮನೆಗೆ ಕಳಿಸು, ತಿಳಿಯಾದ ಮೇಲೆ ನೀನೇ ಹೋಗಿ ಕರೆದು ತಾ. ಮಲ್ಕಮ್ಮನ ದೃಷ್ಟಿಗೂ ಇದಕ್ಕೂ ಸಂಬಂಧವಿಲ್ಲ ಅವ್ವಾ. ಈ ಬೇನೆ ನೋಡುವುದರಿಂದ ಬರುವುದಿಲ್ಲ, ಮುಟ್ಟುವುದರಿಂದ ಬರುತ್ತದೆ.

ಒಂದು ಕೆಲಸ ಮಾಡು. ನಿನ್ನ ಹಾಜರಿ ಪುಸ್ತಕದಲ್ಲಿ, ಯಾರಿಗೆ ಯಾವ ದಿನ ಕಣ್ಣು ಕೆಂಪಾಯಿತೋ ಆ ದಿನದ ಚೌಕದಲ್ಲಿ ಕೆಂಪು ಪೆನ್ಸಿಲಿನಿಂದ ಒಂದು ಚುಕ್ಕೆ ಇಡು. ಯಾರು ಯಾರ ಪಕ್ಕದಲ್ಲಿ ಕೂಡುತ್ತಾರೆ, ಯಾರ ಮನೆ ಯಾರ ಓಣಿಯಲ್ಲಿದೆ, ಅದನ್ನೂ ಬರೆ. ಮುಖ ಒರೆಸಲು ಎಷ್ಟು ಬಟ್ಟೆಗಳಿವೆ ತಿಳಿಸು.

ನನ್ನ ಕಣ್ಣಿನ ಮಾತು ಬಿಡು. ಅದು ಹಳೆಯದಾಯಿತು.

ನಿನ್ನ ಮಗಳು,
ಗೌರಾ


ನಿಂಬರ್ಗಾ
3 ಆಗಸ್ಟ್ 1986, ರವಿವಾರ

ಮಗಳೇ,

ಕೊತ್ತಂಬರಿ ನೀರನ್ನು ಚೆಲ್ಲಿದೆ. ಇಷ್ಟು ದೂರದಿಂದ ನಿನಗೆ ಅದರ ವಾಸನೆ ಹೇಗೆ ಬಂತು?

ಹಾಜರಿ ಪುಸ್ತಕ ಈಗ ಪಂಚಾಂಗದಂತಾಗಿದೆ. ನಿಮ್ಮಪ್ಪ ಇಣುಕಿ ನೋಡಿ, "ಏನ್ ಬೇ, ಅಂಗನವಾಡಿ ಬಿಟ್ಟು ಜ್ಯೋತಿಷ್ಯ ಶುರು ಮಾಡಿಯೇನ?" ಎಂದರು. ನಗಲಿ. ನನಗೆ ಈಗ ಹೆದರಿಕೆಗಿಂತ ಕುತೂಹಲ ಹೆಚ್ಚಾಗಿದೆ. ರಾತ್ರಿ ರೊಟ್ಟಿ ಬಡಿಯುವಾಗಲೂ ಅದೇ ಯೋಚನೆ, ಎರಡು ರೊಟ್ಟಿ ಸುಟ್ಟವು.

ಮೊದಲನೆಯ ವಿಚಿತ್ರ ಕೇಳು. ಬಂಡೆಮ್ಮ ಹೋದ ಮೇಲೂ ಹೊಸದಾಗಿ ಏಳು ಮಕ್ಕಳಿಗೆ ಬಂದಿದೆ. ಅಂದರೆ ಕಳ್ಳನನ್ನು ಊರ ಹೊರಗೆ ಹಾಕಿದ ಮೇಲೂ ಕಳುವು ನಿಂತಿಲ್ಲ. ಎರಡನೆಯದು, ಪಿಂಜಾರ ಓಣಿಯ ಚಾಂದಪಾಶಾನ ಅವಳಿಗಳು ಖಾಜಾ ಮತ್ತು ಮೌಲಾ ನಿನಗೆ ನೆನಪಿರಬೇಕು. ಇಬ್ಬರೂ ಒಂದೇ ತಾಟಿನಲ್ಲಿ ಉಣ್ಣುತ್ತಾರೆ, ಒಂದೇ ಕೌದಿಯಲ್ಲಿ ಮಲಗುತ್ತಾರೆ. ಖಾಜಾನಿಗೆ ಎರಡು ಸಲ ಬಂತು, ಮೌಲಾನಿಗೆ ಒಮ್ಮೆಯೂ ಬರಲಿಲ್ಲ. ಚಾಂದಪಾಶಾನನ್ನು ಕೇಳಿದರೆ, "ನನಗ್ಯಾಕ ಕೇಳ್ತೀರಿ ಅಕ್ಕೋರ, ಅಲ್ಲಾಗ ಗೊತ್ತು. ಖಾಜಾ ಮೆತ್ತಗದಾನ, ಮೌಲಾ ಬದ್ಮಾಶ ಅದಾನ, ಅದಕ್ಕ ಬ್ಯಾನಿನೂ ಅಂಜ್ತದ" ಎಂದ. ಮೂರನೆಯದು ಇನ್ನೂ ವಿಚಿತ್ರ. ಚುಕ್ಕೆಗಳು ವಾರವೆಲ್ಲ ಹರಡಿಲ್ಲ. ಬುಧವಾರ, ಗುರುವಾರಗಳ ಚೌಕಗಳಲ್ಲೇ ಗುಂಪುಗೂಡಿವೆ. ಬೇನೆಗೆ ವಾರ ಗೊತ್ತಾಗುತ್ತದೆಯೇ?

ಮುಖ ಒರೆಸುವ ಬಟ್ಟೆ ಒಂದೇ ಇದೆ, ನನ್ನ ಹಳೆಯ ಇಳಕಲ್ ಸೀರೆಯ ತುಂಡು. ಮೆತ್ತಗಿದೆ, ಮಕ್ಕಳ ಮುಖಕ್ಕೆ ಹಿತ. ನೀನು ಏನು ಹೇಳಲಿದ್ದೀ ಎಂದು ನನಗೆ ತಿಳಿಯಿತು, ಒಬ್ಬೊಬ್ಬರಿಗೆ ಬೇರೆ ಬೇರೆ ಎನ್ನುತ್ತೀ. ಅಲ್ಲೇ ನನಗೂ ನಿನಗೂ ಜಗಳ. ಎಂಟು ವರ್ಷದ ಹಿಂದೆ ಈ ಅಂಗನವಾಡಿ ತೆರೆದ ದಿನ ಬಸವಂತರಾಯ ಗೌಡರು ತಮ್ಮ ಮೊಮ್ಮಗನ ಜೊತೆ ಒಂದು ಹಿತ್ತಾಳೆ ತಂಬಿಗೆ ಕಳಿಸಿದ್ದರು, ಅವನು ಎಲ್ಲರ ಗಡಿಗೆಯ ನೀರು ಕುಡಿಯಬಾರದೆಂದು. ನಾನು ತಂಬಿಗೆಯನ್ನು ವಾಪಸು ಕಳಿಸಿ, "ಇಲ್ಲಿ ಎಲ್ಲಾರಿಗೂ ಒಂದ ಗಡಗಿ, ಒಂದ ಚಾಪಿ ಅಂತ ಹೇಳು" ಎಂದಿದ್ದೆ. ಒಂದು ತಿಂಗಳು ಗೌಡರ ಮನೆಯ ಕೂಸು ಬರಲಿಲ್ಲ. ಆಮೇಲೆ ತಾನೇ ಓಡಿ ಬಂತು. ಬೇರೆ ಬೇರೆ ಎನ್ನುವ ಮಾತನ್ನು ಹೊಸಿಲ ಹೊರಗೆ ಇಡಲು ನಾನು ಪಟ್ಟ ಪಾಡು ನನಗೇ ಗೊತ್ತು. ಈಗ ನನ್ನ ಮಗಳೇ ಅದನ್ನು ಒಳಗೆ ತರುತ್ತಾಳೆಂದರೆ ಹೇಗೆ?

ಬಂಡೆಮ್ಮನ ಉಪ್ಪಿಟ್ಟು ಕಳಿಸಿದ್ದೆ. ಮಲ್ಕಮ್ಮ ಬೋಗುಣಿಯನ್ನು ತೊಳೆದು, ಉಪ್ಪಿಟ್ಟಿನ ಸಮೇತ ವಾಪಸು ಕಳಿಸಿದ್ದಾಳೆ. ಅಂದರೆ ಉಪ್ಪಿಟ್ಟು ತೆಗೆದು, ತೊಳೆದು, ಮತ್ತೆ ತುಂಬಿದ್ದಾಳೆ. ಎಂಥ ಸೊಕ್ಕು ನೋಡು.

ನಿನ್ನ ಅವ್ವ,
ಗುರಮ್ಮ


ಜೇವರ್ಗಿ
13 ಆಗಸ್ಟ್ 1986

ಅವ್ವನಿಗೆ ಶರಣು.

ಅದು ಸೊಕ್ಕಲ್ಲ ಅವ್ವಾ. ತನ್ನ ಮನೆಯಿಂದ ಬಂದ ಪಾತ್ರೆ ಮುಟ್ಟಲು ನೀನು ಹಿಂಜರಿಯಬಾರದೆಂದು ತೊಳೆದಿದ್ದಾಳೆ.

ನಿನ್ನ ಜಗಳಕ್ಕೆ ನನ್ನ ಉತ್ತರ ಇಷ್ಟೇ. ಗೌಡರು ಕಳಿಸಿದ್ದು ಒಬ್ಬನಿಗೆ ಬೇರೆ ತಂಬಿಗೆ. ನಾನು ಹೇಳುತ್ತಿರುವುದು ಮೂವತ್ತೆರಡು ಮಕ್ಕಳಿಗೆ ಮೂವತ್ತೆರಡು ಬಟ್ಟೆ, ಗೌಡರ ಮೊಮ್ಮಗನಿಗೂ ಅದೇ ಅಳತೆ, ಬಂಡೆಮ್ಮನಿಗೂ ಅದೇ ಅಳತೆ. ನಮ್ಮ ವಾರ್ಡಿನಲ್ಲಿ ದೊಡ್ಡ ಸಾಹುಕಾರ ಮಲಗಿದ್ದರೂ, ಹಮಾಲ ಮಲಗಿದ್ದರೂ, ಒಬ್ಬರನ್ನು ಮುಟ್ಟಿದ ಕೈಯನ್ನು ಸಾಬೂನು ಹಚ್ಚಿ ತೊಳೆಯದೆ ಇನ್ನೊಬ್ಬರನ್ನು ಮುಟ್ಟುವಂತಿಲ್ಲ. ಮೊದಮೊದಲು ನನಗೂ ಕಸಿವಿಸಿಯಾಗುತ್ತಿತ್ತು. ಈಗ ನಾನು ಕೈ ತೊಳೆಯುವುದನ್ನು ರೋಗಿಗಳೇ ನೋಡಿ, "ಬರ್ರಿ ಬಾಯಾರ, ಈಗ ನನ್ನ ಪಾಳಿ" ಎನ್ನುತ್ತಾರೆ.

ಬಟ್ಟೆಗಳನ್ನು ದಿನವೂ ಕುದಿಸಿ ಬಿಸಿಲಿಗೆ ಹಾಕು. ಗಡಿಗೆ ಒಂದೇ ಇರಲಿ, ಆದರೆ ಯಾರೂ ಕೈ ಅದ್ದದಂತೆ ಉದ್ದ ಹಿಡಿಕೆಯ ಸೌಟು ಇಡು. ಬುಧವಾರ, ಗುರುವಾರದ ಚುಕ್ಕೆಗಳ ಬಗ್ಗೆ ನೀನೇ ಯೋಚಿಸು. ಅಂಟು ಹತ್ತಿದ ಎರಡು ಮೂರು ದಿನಕ್ಕೆ ಕಣ್ಣು ಕೆಂಪಾಗುತ್ತದೆ.

ಇನ್ನೊಂದು ಕೆಲಸ. ಕೂಸು ಹೊಸಿಲು ದಾಟಿ ಒಳಗೆ ಬಂದದ್ದರಿಂದ ಮನೆಗೆ ಹೋಗುವ ತನಕ ನಿನ್ನ ಕೈ ಏನೇನು ಮುಟ್ಟುತ್ತದೆ ಎಂಬುದನ್ನು ಬರೆ. ಒಂದನ್ನೂ ಬಿಡಬೇಡ. ಇದು ಚಿಕ್ಕದು, ಇದು ದಿನದ್ದೇ, ಎಂದು ಬಿಡಬೇಡ. ನಿಧಾನವಾಗಿ ಬರೆ.

ನಿನ್ನ ಮಗಳು,
ಗೌರಾ


ನಿಂಬರ್ಗಾ
31 ಆಗಸ್ಟ್ 1986, ರವಿವಾರ

ಮಗಳೇ,

ನಿನ್ನ ಮಾತೇ ಗೆದ್ದಿತು. ನಿಮ್ಮಪ್ಪನ ಎರಡು ಹಳೆಯ ಧೋತರ ಹರಿದು ಮೂವತ್ತೆರಡು ತುಂಡು ಮಾಡಿದೆ. ಅವರು ಹುಡುಕಾಡಿ, "ನನ್ನ ಧೋತ್ರ ಎಲ್ಲಿ?" ಎಂದಾಗ, "ಊರ ಮಕ್ಕಳ ಮಾರಿ ಮ್ಯಾಲ ಅದ" ಎಂದೆ. ಒಂದೊಂದು ತುಂಡಿನ ಮೂಲೆಗೂ ಬಣ್ಣದ ದಾರದಿಂದ ಒಂದೊಂದು ಗುರುತು ಹಾಕಿದ್ದೇನೆ. ಎತ್ತು, ತೊಗರಿ ಕಾಯಿ, ಬಾಚಣಿಕೆ, ಗಾಳಿಪಟ, ಕುಡಗೋಲು. ಬಸವಂತರಾಯರ ಚಿಕ್ಕ ಮೊಮ್ಮಗನಿಗೆ ಆಮೆ ಬಂತು, ಎತ್ತೇ ಬೇಕೆಂದು ಹೊರಳಾಡಿ ಅತ್ತ. ಎತ್ತು ಅಂಚೆಯ ಪೀರಪ್ಪನ ಮಗಳ ಪಾಲಾಗಿತ್ತು, ಅವಳು ಬಿಡಲಿಲ್ಲ. ನಾನೂ ಬಿಡಿಸಲಿಲ್ಲ. ಬಂಡೆಮ್ಮನ ತುಂಡಿಗೆ ಗಿಳಿ ಹಾಕಿ ಗೂಟಕ್ಕೆ ತೂಗುಬಿಟ್ಟಿದ್ದೇನೆ.

ಆದರೆ ಗಿಳಿ ಹಾಗೇ ತೂಗಾಡುತ್ತಿದೆ. ಬಂಡೆಮ್ಮನ ಕಣ್ಣು ತಿಳಿಯಾಗಿ ಎಷ್ಟೋ ದಿನವಾಯಿತು. ಬಾವಿಯ ಹತ್ತಿರ ಮಲ್ಕಮ್ಮ ಸಿಕ್ಕಿದ್ದಳು. ಯಾಕೆ ಕಳಿಸುತ್ತಿಲ್ಲ ಎಂದು ಕೇಳಿದೆ. ಸೆರಗನ್ನು ಹಣೆಯ ತನಕ ಎಳೆದುಕೊಂಡು, ನೆಲ ನೋಡುತ್ತ, "ಬ್ಯಾಡ್ರಿ ಅಕ್ಕೋರ. ನಮ್ಮ ಮನಿ ಕೂಸು ಬಂದು ಮತ್ತ ಯಾರಿಗರೆ ಏನರೆ ಆದ್ರ ನಾ ತಡ್ಕೊಳಂಗಿಲ್ಲ" ಎಂದಳು. ಸೊಸೆ ಕಳೆ ತೆಗೆಯಲು ಹೋಗುತ್ತಾಳೆ, ಕೂಸು ದಿನವೆಲ್ಲ ಬದುವಿನ ಮೇಲೆ ಬಿಸಿಲಲ್ಲಿ ಕೂತಿರುತ್ತದೆಯಂತೆ. ಒಂದು ಹೊತ್ತಿನ ಊಟ ತಪ್ಪಿ ಮುಖ ಸಣ್ಣದಾಗಿದೆ. ನನಗೆ ಅದು ಮನಸ್ಸಿನಲ್ಲಿ ಕೊರೆಯುತ್ತಿದೆ.

ಇನ್ನು ನಮ್ಮ ಬೇನೆಯ ಸುದ್ದಿ. ಬಟ್ಟೆ ಬೇರೆ ಮಾಡಿದ ಮೇಲೆ ಹತ್ತು ದಿನ ಒಂದೂ ಹೊಸ ಚುಕ್ಕೆ ಇಲ್ಲ. ಗೆದ್ದೆ ಎಂದುಕೊಂಡೆ. ಕಳೆದ ಸೋಮವಾರ, 25ನೇ ತಾರೀಖು, ಆಳಂದದಿಂದ ಮೇಲ್ವಿಚಾರಕಿ ಬಾಯಿ ಬಂದಿದ್ದರು. ಮೂವತ್ತೆರಡು ಬಟ್ಟೆಗಳನ್ನು ಹಗ್ಗದ ಮೇಲೆ ನೋಡಿ, "ಭಾಳ ಛಲೋ ಮಾಡೀರಿ" ಎಂದು ಪುಸ್ತಕದಲ್ಲಿ ಬರೆದು ಹೋದರು. ಬುಧವಾರ, ಗುರುವಾರ ನೋಡಿದರೆ ಮತ್ತೆ ಐದು ಮಕ್ಕಳ ಕಣ್ಣು ಕೆಂಪು! ಹೊಗಳಿಕೆ ಅಂಟುರೋಗ ತರುತ್ತದೆಯೇ ಎಂದು ನಿಮ್ಮಪ್ಪ ಕೇಳುತ್ತಾರೆ.

ಈಗ ನೀನು ಕೇಳಿದ ಕೈಯ ಕಥೆ. 25ನೇ ತಾರೀಖಿನ ದಿನವನ್ನೇ ಬರೆಯುತ್ತೇನೆ, ಯಾಕೆಂದರೆ ಅಂದು ಒಂದೂ ಕೆಲಸ ತಪ್ಪಿಸಿಲ್ಲ. ಮಕ್ಕಳು ಬಂದವು. ಗಿಡ್ಡನಿಂದ ಉದ್ದನವರೆಗೆ ಸಾಲಾಗಿ ನಿಲ್ಲಿಸಿದೆ. ಒಬ್ಬೊಬ್ಬರ ಮುಖ ಅವರವರ ನೀರಿನಿಂದ ತೊಳೆದು ಅವರವರ ಬಟ್ಟೆಯಿಂದ ಒರೆಸಿದೆ. ಉಗುರು ನೋಡಿದೆ. ತಲೆ ಬಾಚಿದೆ. ಬಾಚಣಿಕೆ ಒಂದೇ ಇದೆ, ಅದೇ ಇರಬಹುದೇ? ಆದರೆ ಬಾಚಣಿಕೆ ಕಣ್ಣಿಗೆ ಹೋಗುವುದಿಲ್ಲ. ಆಮೇಲೆ ಕಾಡಿಗೆ ಹಚ್ಚಿದೆ. ಎರಡು ವಾರದಿಂದ ಡಬ್ಬಿ ಖಾಲಿಯಾಗಿತ್ತು, ಬಾಯಿಯವರು ಬರುತ್ತಾರೆಂದು ರವಿವಾರ ಔಡಲೆಣ್ಣೆಯ ದೀಪ ಹಚ್ಚಿ, ಹೊಸ ಮಸಿ ಹಿಡಿದು, ಬೆಣ್ಣೆಯಲ್ಲಿ ಕಲಸಿದ್ದೆ. ಸಾಲಿನಲ್ಲಿ ಮೊದಲಿನವನಿಂದ ಹಿಡಿದು ಕೊನೆಯವನ ತನಕ, ಉಂಗುರ ಬೆರಳಿನಿಂದ ಎರಡೂ ಕಣ್ಣಿಗೆ, ಒಬ್ಬರಾದ ಮೇಲೆ ಒಬ್ಬರಿಗೆ. ಮೌಲಾ ಎಂದಿನಂತೆ ಚೀರಿಕೊಂಡು ಓಡಿಹೋಗಿ ಗೋಧಿ ಚೀಲದ ಹಿಂದೆ...

ಗೌರಾ, ಇಲ್ಲಿಗೆ ನಿಲ್ಲಿಸುತ್ತೇನೆ. ಹಾಜರಿ ಪುಸ್ತಕ ನೋಡಬೇಕು.

ಗುರಮ್ಮ


ನಿಂಬರ್ಗಾ
1 ಸೆಪ್ಟೆಂಬರ್ 1986, ಸೋಮವಾರ

ಗೌರಾ,

ಇವತ್ತು ಮಕ್ಕಳನ್ನು ಮತ್ತೆ ಸಾಲಾಗಿ ನಿಲ್ಲಿಸಿದೆ. ಯಾರಿಗೂ ಏನೂ ಹಚ್ಚಲಿಲ್ಲ. ಬರೀ ಎಣಿಸಿದೆ.

25ನೇ ತಾರೀಖು ಪೀರಪ್ಪನ ಮಗಳ ಕಣ್ಣು ಸ್ವಲ್ಪ ಕೆಂಪಿತ್ತು. ಧೂಳು ಬಿದ್ದಿರಬೇಕು ಎಂದುಕೊಂಡಿದ್ದೆ. ಸಾಲಿನಲ್ಲಿ ಅವಳದು ಹನ್ನೊಂದನೆಯ ಜಾಗ. ಹೊಸದಾಗಿ ಕಣ್ಣು ಬಂದ ಐದು ಮಕ್ಕಳು ಹನ್ನೆರಡನೆಯವನು, ಹದಿಮೂರನೆಯವಳು, ಹದಿನಾಲ್ಕು, ಹದಿನಾರು, ಹದಿನೆಂಟು. ಅವಳಿಗಿಂತ ಮುಂದಿದ್ದ ಹತ್ತು ಮಕ್ಕಳಲ್ಲಿ ಒಬ್ಬರಿಗೂ ಇಲ್ಲ. ಹದಿನೈದನೆಯವನು ಮೌಲಾ. ಅವನು ಎಂದೂ ಕಾಡಿಗೆ ಹಚ್ಚಿಸಿಕೊಂಡವನಲ್ಲ. ನಾನು ಕಾಡಿಗೆ ಹಚ್ಚುವುದು ಸೋಮವಾರ ಮಾತ್ರ. ಸೋಮವಾರ ಕಾಡಿಗೆ, ಬುಧವಾರ ಕೆಂಪು. ಚುಕ್ಕೆ ಇಲ್ಲದ ಆ ಹತ್ತು ದಿನವೂ ಡಬ್ಬಿ ಖಾಲಿಯಿತ್ತು. ನಾನು ಬಟ್ಟೆಯಿಂದ ಗೆದ್ದೆ ಎಂದು ಬೀಗಿದ್ದೆ.

ತನ್ನ ತಾಟಿನಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಬೇರೆಯವರ ತಾಟಿನ ನೊಣ ತೋರಿಸುವುದು ಎನ್ನುತ್ತಾರಲ್ಲ, ಅದು ನನಗೇ ಹೇಳಿದ ಮಾತು. ಬೇನೆಯನ್ನು ಒಂದು ಕಣ್ಣಿನಿಂದ ಇನ್ನೊಂದು ಕಣ್ಣಿಗೆ ದಾಟಿಸಿದ್ದು ನನ್ನ ಬೆರಳು. ಯಾಕೆ ಹಚ್ಚುತ್ತಿದ್ದೆ ನಿನಗೆ ಗೊತ್ತು. ಉಳ್ಳವರ ಮಕ್ಕಳು ಕಾಡಿಗೆ ಹಚ್ಚಿಕೊಂಡು ಬರುತ್ತಿದ್ದರು, ಕೂಲಿಯವರ ಮಕ್ಕಳು ಅವರ ಮುಖ ನೋಡುತ್ತ ನಿಲ್ಲುತ್ತಿದ್ದರು. ಮುಂಜಾನೆ ಕತ್ತಲಲ್ಲಿ ಹೊಲಕ್ಕೆ ಹೋಗುವ ತಾಯಿಗೆ ಕಾಡಿಗೆ ಹಚ್ಚಲು ಎಲ್ಲಿ ಹೊತ್ತಿದೆ? ನನ್ನ ಅಂಗನವಾಡಿಯಲ್ಲಿ ಎಲ್ಲರಿಗೂ ಒಂದೇ ಡಬ್ಬಿ ಎಂದು ಶುರುಮಾಡಿದ್ದೆ. ಅದರ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು.

ಇನ್ನೊಂದು ಮಾತಿದೆ. ಅದನ್ನೂ ಬರೆಯುತ್ತೇನೆ. ಆ ವರ್ಷ ಪಂಚಮಿಗೆ ಮೊದಲು ನನಗೇ ಕಣ್ಣು ಬಂದಿತ್ತು. ಹಬ್ಬದ ದಿನ ಬೋಳು ಕಣ್ಣಿನಲ್ಲಿ ಇರಬಾರದೆಂದು ನಾನು ಕಾಡಿಗೆ ಹಚ್ಚಿಕೊಂಡೆ. ಬೆರಳಲ್ಲಿ ಉಳಿದದ್ದನ್ನು ನಿನ್ನ ಕಣ್ಣಿಗೆ ಎಳೆದೆ. ಅದಾದ ಮೇಲೆ ನೀನು ಜೋಕಾಲಿಗೆ ಓಡಿದೆ, ಅಲ್ಲಿ ಮಲ್ಕಮ್ಮ ನಿನ್ನ ಗಲ್ಲ ಹಿಡಿದಳು.

ಎರಡು ತಿಂಗಳಿಂದ ನೀನು ನನ್ನನ್ನು ಬಟ್ಟೆ ಕೇಳಿದೆ, ಗಡಿಗೆ ಹೇಳಿದೆ, ಓಣಿ ಕೇಳಿದೆ. ಕಾಡಿಗೆ ಎಂಬ ಮಾತನ್ನು ಮಾತ್ರ ಒಮ್ಮೆಯೂ ಬರೆಯಲಿಲ್ಲ. ನರ್ಸಬಾಯಿಗೆ ಅದು ಹೊಳೆಯದೆ ಇರುತ್ತದೆಯೇ? ಗೌರಾ, ನಿನಗೆ ಮೊದಲೇ ಗೊತ್ತಿತ್ತೇ?

ಅವ್ವ


ನಿಂಬರ್ಗಾ
6 ಅಕ್ಟೋಬರ್ 1986

ಮಗಳೇ,

ಐದು ವಾರವಾಯಿತು. ಅಂಚೆಯ ಪೀರಪ್ಪ ನನ್ನನ್ನು ಕಂಡರೆ ಸೈಕಲ್ಲಿನ ದಾರಿ ಬದಲಿಸುತ್ತಿದ್ದಾನೆ, ಪಾಪ, ಅವನ ಚೀಲದಲ್ಲಿ ಪತ್ರವಿಲ್ಲದ್ದಕ್ಕೆ ನಾನು ಅವನ ಮೇಲೆಯೇ ರೇಗುತ್ತೇನೆ. ಅವನ ಮಗಳ ಕಣ್ಣು ತಿಳಿಯಾಯಿತು. ಎಲ್ಲರದೂ ತಿಳಿಯಾಗಿದೆ, ಯಾರಿಗೂ ಹೂ ಬೀಳಲಿಲ್ಲ. ಒಂದು ತಿಂಗಳಿಂದ ಪುಸ್ತಕದಲ್ಲಿ ಕೆಂಪು ಚುಕ್ಕೆ ಇಲ್ಲ.

ಕಾಡಿಗೆ ನಿಲ್ಲಿಸಿದ್ದಕ್ಕೆ ತಾಯಂದಿರು ಜಗಳ ತೆಗೆದರು. "ಕೂಸು ಬೋಳ ಮಾರಿ ಕಾಣಸ್ತದ, ಹಚ್ಚ್ರಿ ಅಕ್ಕೋರ" ಎಂದು ಒಬ್ಬಳು, "ದಿಷ್ಟಿ ಆದ್ರ ಯಾರ್ ಜವಾಬ್ದಾರಿ?" ಎಂದು ಇನ್ನೊಬ್ಬಳು. ಎಲ್ಲರನ್ನೂ ಕೂರಿಸಿ ಹಾಜರಿ ಪುಸ್ತಕ ತೋರಿಸಿದೆ. ಓದು ಬಾರದವರಿಗೂ ಕೆಂಪು ಚುಕ್ಕೆ ಅರ್ಥವಾಯಿತು. ನನ್ನ ಬೆರಳಿನಿಂದಲೇ ಆದದ್ದೆಂದು ಎಲ್ಲರ ಮುಂದೆ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಚಾಂದಪಾಶಾನ ಹೆಂಡತಿ, "ಅಕ್ಕೋರ, ನಾನೂ ಮನ್ಯಾಗ ಹಂಗಽ ಮಾಡ್ತೇನಿ" ಎಂದಳು. ಆಮೇಲೆ ಎಲ್ಲರೂ ತಮ್ಮ ತಮ್ಮ ಬೆರಳು ನೋಡಿಕೊಂಡರು.

ಆದರೆ ಮಲ್ಕಮ್ಮನಿಗೆ ಹೇಳಿಲ್ಲ. ಅಲ್ಲಿಗೆ ಹೋಗಲು ಕಾಲು ಏಳುತ್ತಿಲ್ಲ. ಬಂಡೆಮ್ಮ ಇನ್ನೂ ಬಂದಿಲ್ಲ.

ನಾನು ಕೇಳಿದ್ದಕ್ಕೆ ನೀನು ಉತ್ತರ ಕೊಡಬೇಕಿಲ್ಲ. ಚೆನ್ನಾಗಿದ್ದೇನೆ ಎಂದು ಒಂದು ಸಾಲು ಬರೆದರೆ ಸಾಕು.

ಅವ್ವ


ಜೇವರ್ಗಿ
20 ಅಕ್ಟೋಬರ್ 1986

ಅವ್ವಾ,

ಚೆನ್ನಾಗಿದ್ದೇನೆ. ಮೂರು ಸಲ ಬರೆದು ಹರಿದೆ, ಅದಕ್ಕೇ ತಡ.

ಹೌದು, ಗೊತ್ತಿತ್ತು. ತರಬೇತಿಯ ಎರಡನೆಯ ವರ್ಷ ಕಣ್ಣಿನ ಬೇನೆಗಳ ಪಾಠ ಮಾಡುವಾಗ ನಮ್ಮ ಸಿಸ್ಟರ್, ತಾಯಂದಿರು ಒಂದೇ ಬೆರಳಿನಿಂದ ಎಲ್ಲ ಮಕ್ಕಳಿಗೂ ಕಾಡಿಗೆ ಹಚ್ಚುತ್ತಾರೆ, ಅದನ್ನು ಬಿಡಿಸಬೇಕು ಎಂದರು. ನನಗೆ ಆ ಪಂಚಮಿಯ ಮುಂಜಾನೆ ನೆನಪಿತ್ತು. ನಿನ್ನ ಕಣ್ಣು ಕೆಂಪಗಿತ್ತು, ನಿನ್ನ ಬೆರಳು ಬೆಚ್ಚಗಿತ್ತು. ನಾನು ತರಗತಿಯಿಂದ ಎದ್ದು ಹೊರಗೆ ಹೋದೆ.

ಒಂದು ಮಾತು ನರ್ಸಾಗಿ ಹೇಳುತ್ತೇನೆ, ಸಮಾಧಾನಕ್ಕಲ್ಲ. ಇಪ್ಪತ್ತು ವರ್ಷದ ಹಿಂದಿನ ಬೇನೆ ಯಾರಿಂದ ಬಂತೆಂದು ಯಾವ ಡಾಕ್ಟರರೂ ಖಾತ್ರಿಯಾಗಿ ಹೇಳಲಾರರು. ಜೋಕಾಲಿಯ ಹಗ್ಗ ಹಿಡಿದ ಹತ್ತು ಕೈಗಳಿಂದ ಬಂದಿರಬಹುದು, ನೊಣದಿಂದ ಬಂದಿರಬಹುದು. ನಿನ್ನ ಬೆರಳಿನಿಂದ ಬಂದಿರುವ ಸಾಧ್ಯತೆಯೇ ಹೆಚ್ಚು. ಮಲ್ಕಮ್ಮನ ದೃಷ್ಟಿಯಿಂದ ಬಂದಿಲ್ಲ ಎಂಬುದೊಂದೇ ಖಾತ್ರಿ.

ನನಗೆ ಸಿಟ್ಟು ಬಂದಿತ್ತೇ ಎಂದು ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಬಂದಿತ್ತು. ಒಂದು ವರ್ಷ ಬಂದಿತ್ತು. ಆ ವರ್ಷ ನಾನು ಹಬ್ಬಕ್ಕೆ ಬರದೆ ಡ್ಯೂಟಿ ಇದೆ ಎಂದು ಬರೆದದ್ದು ಸುಳ್ಳು. ಆಮೇಲೆ ಹೋಯಿತು. ಇಲ್ಲಿ ದಿನಾ ನೋಡುತ್ತೇನೆ, ಮಕ್ಕಳಿಗೆ ಕೇಡು ಬಯಸಿ ಯಾವ ತಾಯಿಯೂ ಏನೂ ಹಚ್ಚುವುದಿಲ್ಲ.

ಸಿಟ್ಟು ಹೋದ ಮೇಲೂ ಯಾಕೆ ಹೇಳಲಿಲ್ಲ ಎಂಬುದೇ ನನ್ನ ತಪ್ಪು. ರಜೆಗೆ ಬಂದಾಗಲೆಲ್ಲ ಹೇಳಬೇಕೆಂದುಕೊಳ್ಳುತ್ತಿದ್ದೆ. ನೀನು ನನ್ನ ಕಣ್ಣು ನೋಡಿ ಮಲ್ಕಮ್ಮನಿಗೆ ಶಾಪ ಹಾಕುತ್ತಿದ್ದೆ. ಹಾಕಲಿ ಬಿಡು, ಮಲ್ಕಮ್ಮನ ತಲೆಯ ಮೇಲೇ ಇರಲಿ, ನಮ್ಮ ಅವ್ವನ ತಲೆಯ ಮೇಲೆ ಬೀಳುವುದು ಬೇಡ ಎಂದು ಸುಮ್ಮನಾಗುತ್ತಿದ್ದೆ. ಜುಲೈನಲ್ಲಿ ನಿನ್ನ ಪತ್ರದಲ್ಲಿ ಕಾಡಿಗೆ ಎಂಬ ಮಾತು ಓದಿದಾಗಲೇ ನನಗೆ ತಿಳಿಯಿತು. ಅಂದೇ ಬರೆದಿದ್ದರೆ ಎಷ್ಟೋ ಮಕ್ಕಳಿಗೆ ಬರುತ್ತಿರಲಿಲ್ಲ. ಹಾಗೆ ಬರೆದರೆ ನೀನು ನನ್ನ ಕಣ್ಣಿನ ತನಕ ಬಂದುಬಿಡುತ್ತೀ ಎಂದು ಹೆದರಿ, ಸುತ್ತಿ ಬಳಸಿ ಪ್ರಶ್ನೆ ಕೇಳಿದೆ. ನೀನು ಹೇಗೂ ಬಂದೆ. ಓದಿದ್ದು ಏಳನೆಯ ತರಗತಿಯಾದರೂ ನೀನು ನಮ್ಮ ಡಾಕ್ಟರರಿಗಿಂತ ಚೆನ್ನಾಗಿ ಎಣಿಸಿದ್ದೀ. ಮಕ್ಕಳ ಕಣ್ಣಿನೊಂದಿಗೆ ನಾನು ಆಡಬಾರದ ಆಟ ಆಡಿದೆ. ಅದಕ್ಕೆ ನನಗೆ ಕ್ಷಮೆ ಇಲ್ಲ.

ಮಲ್ಕಮ್ಮನ ಮನೆಗೆ ಹೋಗು ಅವ್ವಾ. ನಾನು ಹೇಳಿದೆ ಎಂದು ಹೇಳು. ಬಂಡೆಮ್ಮ ಬದುವಿನ ಮೇಲೆ ಕೂಡಬಾರದು.

ಗೌರಾ


ನಿಂಬರ್ಗಾ
9 ನವೆಂಬರ್ 1986, ರವಿವಾರ

ನನ್ನ ಮಗಳೇ,

ನಿನ್ನ ಪತ್ರವನ್ನು ನಿಮ್ಮಪ್ಪನಿಗೆ ಓದಿ ಹೇಳಿದೆ. ಅವರು ಸಂಜೆ ತಾವೇ ಎರಡು ಕೊಡ ನೀರು ತಂದು ಹಾಕಿದರು. ಮದುವೆಯಾದ ಮೇಲೆ ಇದೇ ಮೊದಲು. ನಾನು ಎರಡು ದಿನ ಅತ್ತೆ, ಮೂರನೆಯ ದಿನ ಅಂಗನವಾಡಿಗೆ ಹೋದೆ. ಮಕ್ಕಳು ಕೈ ತೊಳೆಯಲು ಸಾಲಾಗಿ ನಿಂತಿದ್ದರು, ಅಳಲು ಪುರಸೊತ್ತಾಗಲಿಲ್ಲ.

ದೀಪಾವಳಿ ಕಳೆದ ಮೇಲೆ ಮಂಗಳವಾರ ಹಳ್ಳ ದಾಟಿ ಮಲ್ಕಮ್ಮನ ಮನೆಗೆ ಹೋದೆ. ಅಂಗಳದಲ್ಲಿ ಕೂತು ಕೌದಿ ಹೊಲಿಯುತ್ತಿದ್ದಳು. ನನ್ನನ್ನು ಕಂಡ ಕೂಡಲೇ ಸೆರಗು ಎಳೆದುಕೊಂಡಳು. ಬಂಡೆಮ್ಮ ಅವಳ ಬೆನ್ನ ಹಿಂದೆ ಸರಿಯಿತು. ನಿಂತೇ ಹೇಳಿದೆ, ಕೂತರೆ ಹೇಳಲಾಗುವುದಿಲ್ಲ ಎನಿಸಿತು.

"ಮಲ್ಕವ್ವ, ನಮ್ಮ ಗೌರಾನ ಕಣ್ಣಿಗಿ ನಿನ್ನ ದಿಷ್ಟಿ ತಾಕ್ತು ಅಂತ ಇಪ್ಪತ್ತ ವರ್ಷ ಊರ ತುಂಬ ಹೇಳೇನಿ. ಅದು ಸುಳ್ಳ ಅದ. ನಿನ್ನ ಕಣ್ಣು ಏನೂ ಮಾಡಿಲ್ಲ. ಆಗಿದ್ರ ನನ್ನ ಬೆರಳಿನಿಂದ ಆಗಿರಬೇಕು."

ಅವಳ ಸೂಜಿ ನಿಂತಿತು. "ಖರೇನ್ರಿ ಅಕ್ಕೋರ?"

"ಖರೆ. ಗೌರಾನೇ ಬರದಾಳ. ದವಾಖಾನ್ಯಾಗ ಕಲ್ತಾಕಿ."

"ನನ್ನ ಕಣ್ಣು ಏನೂ ಮಾಡಿಲ್ಲ?"

"ಇಲ್ಲ."

"ಮತ್ತೊಮ್ಮಿ ಹೇಳ್ರಿ."

ಮತ್ತೊಮ್ಮೆ ಹೇಳಿದೆ. ನಾನು ಬೈಗುಳಕ್ಕೆ ತಯಾರಾಗಿ ನಿಂತಿದ್ದೆ. ಅವಳು ಬಂಡೆಮ್ಮನನ್ನು ಮುಂದಕ್ಕೆ ಎಳೆದು ಹೇಳಿದಳು:

"ಈ ಕೂಸು ಹುಟ್ಟಿದಾಗ ಹನ್ನೊಂದ ದಿನ ನಾ ಇದರ ಮಾರಿ ನೋಡಿಲ್ರಿ. ನೀರ ಕಾಸಿ ಬಾಗಲ ಹೊರಗ ಇಟ್ಟು ಬರ್ತಿದ್ನಿ, ಎರಿಯಾಕ ಮಗ್ಗಲ ಮನಿ ಮುದುಕಿನ್ನ ಕರಸ್ತಿದ್ನಿ. ಸೊಸಿ ಅಳ್ತಿದ್ಳು, ಅತ್ತಿಗಿ ಹೆಣ್ಣ ಕೂಸು ಬ್ಯಾಡಾಗೇದ ಅಂತ. ಹಂಗಲ್ರಿ. ನಿಮ್ಮ ಕೂಸಿನ ಕಣ್ಣ ತಿಂದಾಕಿ ನಾ, ಇದರ ಕಣ್ಣೂ ತಿಂದ್ರ ಏನ್ ಮಾಡ್ಲಿ ಅಂತ. ನೀವು ಹೇಳಿದ್ದು ಊರ ನಂಬ್ತು ಅಂತ ತಿಳ್ಕೊಂಡೀರಿ. ನಾನೂ ನಂಬಿದ್ನಿರಿ."

ಗೌರಾ, ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಊರು ಅವಳನ್ನು ದೂರ ಇಟ್ಟಿದೆ ಎಂದು ಗೊತ್ತಿತ್ತು. ಅವಳು ತನ್ನನ್ನು ತಾನೇ ದೂರ ಇಟ್ಟುಕೊಂಡಿದ್ದಾಳೆ ಎಂದು ನನಗೆ ಒಂದು ದಿನವೂ ಹೊಳೆಯಲಿಲ್ಲ. ಯಾರ ತೊಟ್ಟಿಲ ಹತ್ತಿರವೂ ಹೋಗದೆ, ಯಾರ ಮಗುವನ್ನೂ ಎತ್ತದೆ, ಬಾವಿಯಲ್ಲಿ ನೆಲ ನೋಡಿಕೊಂಡು ನೀರು ಸೇದಿದ್ದಾಳೆ. ತಪ್ಪಾಯಿತು ಎಂದು ಅವಳ ಕಾಲು ಹಿಡಿಯಲು ಹೋದೆ. ಕಾಲು ಹಿಂದಕ್ಕೆ ಎಳೆದುಕೊಂಡು, "ಸಿಟ್ಟ ಭಾಳ ಬರಾಕತ್ತದ ಅಕ್ಕೋರ. ಇವತ್ತ ನೀವು ಹೋಗ್ರಿ" ಎಂದಳು. ಬಂದೆ.

ಮರುದಿನ ಬರಲಿಲ್ಲ. ಗುರುವಾರವೂ ಬರಲಿಲ್ಲ. ಶುಕ್ರವಾರ ಮುಂಜಾನೆ ಬಂಡೆಮ್ಮನ ಕೈ ಹಿಡಿದುಕೊಂಡು ಬಾಗಿಲಿಗೆ ಬಂದಳು. ಕೂಸು ಓಡಿಹೋಗಿ ಗೂಟದ ಮೇಲಿನ ಗಿಳಿಯ ಬಟ್ಟೆ ಎಳೆದುಕೊಂಡಿತು. ಮಲ್ಕಮ್ಮ ಹೊಸಿಲ ಹೊರಗೇ ನಿಂತಳು. ಒಳಗೆ ಕರೆದೆ. ಬಂದು ಗೋಡೆಗೆ ಆತು ಕೂತಳು. ಆಮೇಲೆ ಸೆರಗನ್ನು ಹಣೆಯಿಂದ ಹಿಂದಕ್ಕೆ ಸರಿಸಿ ಮಕ್ಕಳನ್ನು ನೋಡತೊಡಗಿದಳು. ಒಂದೊಂದೇ ಕೂಸಿನ ಮುಖ, ಮೊದಲಿನಿಂದ ಕೊನೆಯ ತನಕ. ಮೌಲಾ ಅವಳ ಮುಂದೆ ನಿಂತು ಕಣ್ಣು ಅಗಲ ಮಾಡಿ ಅಣಕಿಸಿದ. ಅವಳು ನಕ್ಕಳು. ಅವಳ ಹಲ್ಲು ಹೇಗಿವೆ ಎಂದು ನಾನು ನೋಡಿದ್ದು ಅಂದೇ.

ನನ್ನ ಮೇಲಿನ ಅವಳ ಸಿಟ್ಟು ಹೋಗಿಲ್ಲ, ನನ್ನ ಜೊತೆ ಮಾತು ಎಷ್ಟು ಬೇಕೋ ಅಷ್ಟೇ. ಅದು ಸರಿಯೇ. ಆದರೆ ಹೋಗುವಾಗ ಬಾಗಿಲಲ್ಲಿ ತಿರುಗಿ ಕೇಳಿದಳು:

"ಗೌರಾ ಯಾವಾಗ ಬರ್ತಾಳ್ರಿ? ಐದ ವರ್ಷದಾಕಿ ಇದ್ದಾಗ ನೋಡಿದ್ದು. ಆಮ್ಯಾಲ ಅಕಿ ಬಂದ್ರ ನಾ ಓಣಿ ಬದಲ ಮಾಡ್ತಿದ್ನಿ. ಒಮ್ಮಿ ಮಾರಿ ತುಂಬ ನೋಡಬೇಕಾಗೇದ."

ನಿನ್ನೆಯೂ ಕೇಳಿದಳು. ಬರುವ ದಿನ ಬರೆದು ತಿಳಿಸು, ನಾನು ಅವಳಿಗೆ ಹೇಳಬೇಕು.

ನಿನ್ನ ಅವ್ವ,
ಗುರಮ್ಮ